ಇಂಗ್ಲಿಷ್ ಉದ್ಗಾರಗಳು: ಎಲ್ಲಿ ವಾವ್, ಎಲ್ಲಿ ಊಪ್ಸ್, ಎಲ್ಲಿ ಎರಡೂ ಬೇಡ

"ಅಯ್ಯೋ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಏನಂತಾರೆ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಹತ್ತನೇ ತರಗತಿಯ ಮಕ್ಕಳಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವರಿದ್ದಾರೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಪಕ್ಕದ ಮನೆಯವರ ಜೊತೆ ನಾಲ್ಕು ಮಾತಾಡಬೇಕಾಗಿ ಬಂದ ಅಮ್ಮಂದಿರೂ ಇದ್ದಾರೆ. ಇವರಲ್ಲಿ ಎಷ್ಟೋ ಜನಕ್ಕೆ ವಾಕ್ಯ ಕಟ್ಟಲು ಚೆನ್ನಾಗಿಯೇ ಬರುತ್ತದೆ. ಆದರೆ ಎದುರಿಗಿರುವವರು ಏನೋ ಹೇಳಿದ ತಕ್ಷಣ ಬಾಯಿಂದ ಬರಬೇಕಾದ ಆ ಒಂದು ಚಿಕ್ಕ ಮಾತು ಮಾತ್ರ ಸಮಯಕ್ಕೆ ಬರುವುದಿಲ್ಲ. ಬಂದರೆ ಸಂತೋಷಕ್ಕೂ ದುಃಖಕ್ಕೂ ಒಂದೇ "ಓ ಮೈ ಗಾಡ್".

ಇದು ಸಣ್ಣ ವಿಷಯ ಅಂತ ಬಿಡಬೇಡಿ. ವ್ಯಾಕರಣ ತಪ್ಪಿದರೆ ಜನ ಅರ್ಥ ಮಾಡಿಕೊಂಡು ಮುಂದೆ ಹೋಗುತ್ತಾರೆ. ಉದ್ಗಾರ ತಪ್ಪಿದರೆ ನಿಮ್ಮ ಮನಸ್ಸನ್ನೇ ತಪ್ಪು ತಿಳಿಯುತ್ತಾರೆ. ಅದಕ್ಕೇ ಉದ್ಗಾರದ ಅರ್ಥ ಒಂದನ್ನೇ ಕಲಿತರೆ ಸಾಲದು, ಅದರ ತೂಕವನ್ನೂ ಕಲಿಯಬೇಕು. ಎಷ್ಟು ದೊಡ್ಡ ಭಾವನೆಗೆ ಅದು ಸಲ್ಲುತ್ತದೆ, ಯಾರ ಮುಂದೆ ಹೇಳಬಹುದು ಅನ್ನುವುದೇ ತೂಕ. ಈ ಲೇಖನದ ಉದ್ದಕ್ಕೂ ಅದನ್ನೇ ನೋಡೋಣ.

ಇದಕ್ಕೆ ಬೇಕಾಗುವುದು ಜಾಸ್ತಿ ಏನೂ ಇಲ್ಲ. ಒಂದು ನೋಟ್‌ಬುಕ್, ದನಿ ರೆಕಾರ್ಡ್ ಮಾಡಲು ನಿಮ್ಮ ಫೋನು, ದಿನಕ್ಕೆ ಒಂದಿಷ್ಟು ಹೊತ್ತು ಜೋರಾಗಿ ಮಾತಾಡಬಲ್ಲ ಜಾಗ, ಅಷ್ಟೇ.

1. ಮೊದಲು ಬಗೆ ಗುರುತಿಸಿ

ಇಂಗ್ಲಿಷ್ ಉದ್ಗಾರಗಳಲ್ಲಿ ಮೂರು ಬಗೆ ಇವೆ. ಮೊದಲನೆಯದು ಒಂಟಿ ಸದ್ದುಗಳು: ಔಚ್, ವಾವ್, ಫ್ಯೂ, ಊಪ್ಸ್. ಇವನ್ನು ಇಂಟರ್ಜೆಕ್ಷನ್ ಅನ್ನುತ್ತಾರೆ. ನಮ್ಮ ಶಾಲೆಯ ವ್ಯಾಕರಣದಲ್ಲಿ ಭಾವಸೂಚಕಾವ್ಯಯ ಅಂತ ಓದಿದ್ದೀರಲ್ವಾ, ಅಬ್ಬಾ, ಛೀ, ಭಲೇ ಅಂತ, ಅದೇ ಇದು. ವಾಕ್ಯದ ಉಳಿದ ಪದಗಳ ಜೊತೆ ಇದಕ್ಕೆ ವ್ಯಾಕರಣದ ಸಂಬಂಧ ಇರುವುದಿಲ್ಲ, ತೆಗೆದುಹಾಕಿದರೂ ವಾಕ್ಯ ನಿಲ್ಲುತ್ತದೆ.

ಎರಡನೆಯದು ಸಿದ್ಧ ನುಡಿಗಳು: ವಾಟ್ ಎ ಶೇಮ್, ನೋ ವೇ, ವೆಲ್ ಡನ್, ಗುಡ್ ಹೆವನ್ಸ್. ಇವುಗಳ ಒಂದೊಂದೇ ಪದದ ಅರ್ಥ ಹುಡುಕಿದರೆ ದಾರಿ ತಪ್ಪುತ್ತೀರಿ. ವಾಟ್ ಎ ಶೇಮ್ ಅಂದರೆ "ಎಂಥಾ ನಾಚಿಕೆಗೇಡು" ಅಲ್ಲ, "ಛೇ, ಹೀಗಾಗಬಾರದಿತ್ತು" ಅಂತ. ನೀವು ಮದುವೆಗೆ ಬರಲಾಗುತ್ತಿಲ್ಲ ಅಂದಾಗ ಇಂಗ್ಲಿಷ್ ಗೆಳತಿ ವಾಟ್ ಎ ಶೇಮ್ ಅಂದರೆ ಆಕೆ ಬೈಯುತ್ತಿಲ್ಲ, ಬೇಜಾರು ಮಾಡಿಕೊಳ್ಳುತ್ತಿದ್ದಾಳೆ. ಆದರೆ "ಶೇಮ್ ಆನ್ ಯು" ಅಂದರೆ ಅದು ಬೈಗುಳವೇ. ಇವೆರಡನ್ನು ಅಕ್ಕಪಕ್ಕ ಬರೆದಿಟ್ಟುಕೊಳ್ಳಿ.

ಮೂರನೆಯದು ಪೂರ್ತಿ ವಾಕ್ಯಗಳು. ವಾಟ್ ಅಥವಾ ಹೌ ಇಂದ ಶುರುವಾಗುವಂಥವು. ಪರೀಕ್ಷೆಯಲ್ಲಿ ಬರುವುದು ಹೆಚ್ಚಾಗಿ ಇವೇ, ತಪ್ಪುಗಳು ಜಾಸ್ತಿ ಆಗುವುದೂ ಇಲ್ಲೇ. ಐದನೇ ಹಂತದಲ್ಲಿ ಇವನ್ನು ನೋಡೋಣ.

2. ಅಯ್ಯೋವನ್ನು ಬಿಡಿಸಿ

ಕನ್ನಡದ ಅಯ್ಯೋ ಎಲ್ಲಾ ಕಡೆ ಸಲ್ಲುತ್ತದೆ. ಕಾಲು ಎಡವಿದರೂ ಅಯ್ಯೋ, ಬಸ್ಸು ತಪ್ಪಿದರೂ ಅಯ್ಯೋ, ಯಾರಾದರೂ ತೀರಿಕೊಂಡರೂ ಅಯ್ಯೋ, "ಅಯ್ಯೋ, ಅಷ್ಟೇನಾ" ಅಂತ ಸಮಾಧಾನಕ್ಕೂ ಅದೇ. ದನಿ ಬದಲಾಯಿಸಿದರೆ ಸಾಕು. ಇಂಗ್ಲಿಷ್‌ನಲ್ಲಿ ಇದಕ್ಕೆ ಒಂದೇ ಪದ ಇಲ್ಲ, ಸಂದರ್ಭ ನೋಡಿ ಆರಿಸಬೇಕು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದನ್ನೇ ಬರೆಯಿರಿ.

ಮೈಗೆ ನೋವಾದರೆ ಔಚ್ ಅಥವಾ ಆವ್. ಬಿಸಿ ತವಾ ತಾಗಿತು, ಬಾಗಿಲಿಗೆ ಬೆರಳು ಸಿಕ್ಕಿತು, ಇಂಥದ್ದಕ್ಕೆ. ಯಾರಾದರೂ ಚುಚ್ಚುವ ಮಾತಾಡಿದಾಗಲೂ ಗೆಳೆಯರ ನಡುವೆ ಔಚ್ ಅನ್ನುವುದುಂಟು.

ನಿಮ್ಮಿಂದಲೇ ಚಿಕ್ಕ ತಪ್ಪಾದರೆ ಊಪ್ಸ್. ಪೆನ್ನು ಬಿತ್ತು, ತಪ್ಪು ಫೈಲ್ ಕಳಿಸಿದಿರಿ, ಸ್ಪೆಲ್ಲಿಂಗ್ ತಪ್ಪಿತು. ಇಲ್ಲಿ ಚಿಕ್ಕ ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿಯಿರಿ. ಆಫೀಸಿನಲ್ಲಿ ನಿಮ್ಮ ಕೈ ತಾಗಿ ಪಕ್ಕದವರ ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿದೆ, ಕೀಬೋರ್ಡಿನ ಸಂದಿಯಲ್ಲಿ ಕಾಫಿ ಇಳಿಯುತ್ತಿದೆ, ಆಗ ನೀವು ಊಪ್ಸ್ ಅಂದರೆ "ಇದೇನು ಮಹಾ" ಅಂದಂತೆ ಕೇಳಿಸುತ್ತದೆ. ಅಲ್ಲಿ "ಓ ನೋ, ಐ ಆಮ್ ಸೋ ಸಾರಿ" ಅನ್ನಬೇಕು, ಅನ್ನುತ್ತಲೇ ಲ್ಯಾಪ್‌ಟಾಪನ್ನು ಕವುಚಿ ಹಾಕಬೇಕು. ಊಪ್ಸ್ ತಪ್ಪನ್ನು ಹಗುರ ಮಾಡುವ ಪದ. ತಪ್ಪು ನಿಜಕ್ಕೂ ಹಗುರವಾಗಿದ್ದರೆ ಮಾತ್ರ ಬಳಸಿ.

ತಪ್ಪು ಇನ್ನೂ ಪೂರ್ತಿ ಹೊರಬಿದ್ದಿಲ್ಲ, ಆದರೆ ಏನೋ ಎಡವಟ್ಟಾಗಿದೆ ಅಂತ ಈಗಷ್ಟೇ ಹೊಳೆಯಿತು, ಅದಕ್ಕೆ ಅ-ಓ. ಎರಡು ಸದ್ದಿನ ನಡುವೆ ಗಂಟಲನ್ನು ಒಂದು ಕ್ಷಣ ತಡೆದು ಹೇಳಬೇಕು. ಮೊದಲನೆಯದು ಮೇಲಿನ ದನಿ, ಎರಡನೆಯದು ಕೆಳಗಿನ ದನಿ. ಗಾಡಿಯಲ್ಲಿ ಹೋಗುತ್ತಾ ಪೆಟ್ರೋಲ್ ಮುಳ್ಳು ಕೆಳಗಿಳಿದಿರುವುದು ಕಂಡರೆ ಬರುವ ಅಯ್ಯೋ ಇದು.

ಕೆಟ್ಟ ಸುದ್ದಿ ಕೇಳಿದರೆ ಓ ನೋ. ಸ್ವಲ್ಪ ವಯಸ್ಸಾದವರ ಬಾಯಲ್ಲಿ, ಅದರಲ್ಲೂ ಬ್ರಿಟನ್ನಿನವರ ಬಾಯಲ್ಲಿ, ಓ ಡಿಯರ್. ಇಲ್ಲಿನ ಡಿಯರ್‌ಗೂ ಪ್ರೀತಿಗೂ ಸಂಬಂಧವಿಲ್ಲ. "ಅಯ್ಯೋ ಪಾಪ" ಅನ್ನಬೇಕಾದರೆ ಪೂರ್ ಥಿಂಗ್. ಅದನ್ನು ಮಗುವಿನ ಬಗ್ಗೆಯೋ ನಾಯಿಮರಿ ಬಗ್ಗೆಯೋ ಅನ್ನಬಹುದು, ಆದರೆ ದೊಡ್ಡವರ ಮುಖಕ್ಕೇ ಹೇಳಬೇಡಿ, ಕೀಳಾಗಿ ಕಂಡಂತಾಗುತ್ತದೆ. "ಅಯ್ಯೋ ಬಿಡಿ, ಸುಳ್ಳು ಹೇಳಬೇಡಿ" ಅನ್ನುವ ಧಾಟಿಗೆ ಓ ಕಮಾನ್.

ಈಗ ಮುಖ್ಯವಾದದ್ದು. ಯಾರಾದರೂ "ಹೋದ ವಾರ ಅಪ್ಪ ತೀರಿಕೊಂಡರು" ಅಂತ ಇಂಗ್ಲಿಷ್‌ನಲ್ಲಿ ಹೇಳಿದರೆ ಯಾವ ಉದ್ಗಾರವನ್ನೂ ಹುಡುಕಬೇಡಿ. ಗ್ರಾಮರ್ ಪುಸ್ತಕದಲ್ಲಿ ಇಂಥ ಕಡೆ ಅಲಾಸ್ ಅಂತ ಕಲಿಸಿರುತ್ತಾರೆ. ಅದು ಹಳೆಯ ಕಾವ್ಯದ ಪದ. ಇಂದು ಅದನ್ನು ಬರಹದಲ್ಲಿ "ಏನು ಮಾಡೋದು, ಹಾಗಾಗಲಿಲ್ಲ" ಎಂಬ ಲಘು ಧಾಟಿಯಲ್ಲಿ ಬಳಸುತ್ತಾರೆ, ಸಾವಿನ ಮನೆಯಲ್ಲಿ ಅಲ್ಲ. ತಗ್ಗಿದ ದನಿಯಲ್ಲಿ "ಐ ಆಮ್ ಸೋ ಸಾರಿ" ಅಂದರೆ ಸಾಕು. ಸಾರಿ ಅಂದರೆ ಇಲ್ಲಿ ಕ್ಷಮೆ ಅಲ್ಲ, ನಿಮ್ಮ ನೋವು ನನಗೂ ನೋವು ಅಂತ. "ನಾನೇನು ತಪ್ಪು ಮಾಡಿದೆ ಅಂತ ಸಾರಿ ಹೇಳಲಿ" ಅಂತ ತುಂಬಾ ಜನ ಕೇಳುತ್ತಾರೆ. ಧೈರ್ಯವಾಗಿ ಹೇಳಿ.

ಅಂದಹಾಗೆ, ನಮ್ಮ ಅಯ್ಯೋ 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸೇರಿದೆ. ದಕ್ಷಿಣ ಭಾರತದಲ್ಲೂ ಶ್ರೀಲಂಕಾದಲ್ಲೂ ಇಂಗ್ಲಿಷ್ ಮಾತಿನ ನಡುವೆ ಬಳಕೆಯಲ್ಲಿದೆ ಅನ್ನುವ ಕಾರಣಕ್ಕೆ. ಹಾಗಾಗಿ ಬೆಂಗಳೂರಿನ ಆಫೀಸಿನಲ್ಲಿ ಇಂಗ್ಲಿಷ್ ಮಾತಾಡುವಾಗ ಅಯ್ಯೋ ಬಾಯಿಗೆ ಬಂದರೆ ನಾಚಬೇಕಿಲ್ಲ, ಅದನ್ನು ಬಿಡಿಸಿಕೊಳ್ಳುವ ಕಷ್ಟವೂ ಬೇಡ. ಅಯ್ಯೋ ತಿಳಿಯದವರ ಜೊತೆ ಮಾತಾಡುವಾಗಲಷ್ಟೇ ಮೇಲಿನ ಪಟ್ಟಿ ಬೇಕು.

3. ಸಂತೋಷ, ಬೆರಗು, ನೆಮ್ಮದಿ

ಇದು ಸುಲಭ, ಬೇಗ ಮುಗಿಸೋಣ. ಬೆರಗಿಗೆ ವಾವ್. ಮುದ್ದು ಉಕ್ಕಿ ಬಂದರೆ, ಮಗುವಿನ ಫೋಟೋ ನೋಡಿದರೆ, "ಆ" ಎಂದು ಎಳೆದು, ದನಿಯನ್ನು ಮೇಲಿಂದ ಕೆಳಗೆ ಜಾರಿಸುತ್ತಾರೆ. ಗೆದ್ದ ಖುಷಿಗೆ ಯೇ. ಇದನ್ನು "ಯಾ" ಅನ್ನಬೇಡಿ. "ಯಾ" ಅಂದರೆ ಹೌದು ಎಂಬ ಮಾತು, "ಯೇ" ಅಂದರೆ ಹುರ್ರೇ. ಮೆಸೇಜ್ ಬರೆಯುವಾಗ ಇವೆರಡೂ ಅದಲುಬದಲಾಗುವುದು ತುಂಬಾ ಕಾಣುತ್ತದೆ. ಏನೋ ಹೊಳೆದರೆ ಅಹಾ, ಅದೂ "ಹಾ"ಗೆ ಒತ್ತು ಕೊಟ್ಟು. ನಮ್ಮಲ್ಲಿ ಊಟ ರುಚಿಯಾದರೂ ಆಹಾ ಅನ್ನುತ್ತೇವೆ. ಇಂಗ್ಲಿಷ್‌ನಲ್ಲಿ ರುಚಿಗೆ ಮ್‌ಮ್ ಅಥವಾ ಯಮ್ ಅನ್ನಬೇಕು. ಪಾಯಸ ತಿಂದು ಅಹಾ ಅಂದರೆ ಪಾಯಸದಲ್ಲಿ ಏನೋ ಕಂಡುಹಿಡಿದಿರಿ ಅಂದುಕೊಳ್ಳುತ್ತಾರೆ.

ಫ್ಯೂ ಅನ್ನುವುದನ್ನು ಮಾತ್ರ ಚೆನ್ನಾಗಿ ಕಲಿಯಿರಿ, ಕನ್ನಡಿಗರಿಗೆ ಅದು ಕೂಡಲೇ ಉಪಯೋಗಕ್ಕೆ ಬರುತ್ತದೆ. "ಸದ್ಯ! ಕೀ ಸಿಕ್ಕಿತು", "ಸದ್ಯ! ಮಳೆ ಬರಲಿಲ್ಲ" ಅನ್ನುತ್ತೇವಲ್ಲ, ಆ ಸದ್ಯವೇ ಫ್ಯೂ. ಉಸಿರನ್ನು ಹೊರಗೆ ಬಿಡುತ್ತಾ ಹೇಳುವುದು. ಪದ ಬೇಕೆಂದರೆ "ಥ್ಯಾಂಕ್ ಗುಡ್‌ನೆಸ್" ಅಥವಾ "ವಾಟ್ ಎ ರಿಲೀಫ್".

ವಾವ್ ಬಗ್ಗೆ ಒಂದು ಎಚ್ಚರಿಕೆ. ಅದು ಬೆರಗಿನ ಪದವೇ ಹೊರತು ಮೆಚ್ಚುಗೆಯ ಪದವೇ ಆಗಬೇಕಿಲ್ಲ. "ನನಗೆ ಇಬ್ಬರೂ ತಂದೆ ತಾಯಿ ಇಲ್ಲ" ಅಂತ ಯಾರೋ ಹೇಳಿದಾಗ ಏನು ಹೇಳಲೂ ತೋಚದೆ ವಾವ್ ಅಂದರೆ ಎದೆಗೆ ಚುಚ್ಚುತ್ತದೆ. ಮತ್ತೆ ಸಹೋದ್ಯೋಗಿ ಪ್ರತಿ ಸಲ ಮಾಮೂಲಿ ವರದಿ ಕಳಿಸಿದಾಗಲೂ ವಾವ್ ಅಂದರೆ ನಿಜಕ್ಕೂ ಒಳ್ಳೆಯ ಕೆಲಸ ಮಾಡಿದ ದಿನ ನಿಮ್ಮ ಬಳಿ ಹೇಳಲು ಮಾತೇ ಉಳಿದಿರುವುದಿಲ್ಲ. ಮಾಮೂಲಿ ಕೆಲಸಕ್ಕೆ ನೈಸ್, ಚೆನ್ನಾಗಿದ್ದರೆ ಗ್ರೇಟ್ ಅಥವಾ ವೆಲ್ ಡನ್, ನಿಜಕ್ಕೂ ಬೆರಗಾದರೆ ವಾವ್. ಈ ಮೆಟ್ಟಿಲು ತಪ್ಪಿಸಬೇಡಿ.

4. ಬಾಯಿ ಮುಚ್ಚಿಕೊಂಡೇ ಆಡುವ ಮಾತುಗಳು

ಕೆಲವು ಉದ್ಗಾರಗಳು ಪದಗಳೇ ಅಲ್ಲ, ಗಂಟಲಿನ ಸದ್ದುಗಳು. ಫೋನಿನಲ್ಲಿ ಮಾತಾಡುವಾಗ ಇವು ತುಂಬಾ ಬರುತ್ತವೆ, ಇಲ್ಲಿ ಎಡವಿದರೆ ಹೌದು ಇಲ್ಲ ಎಂಬುದೇ ತಿರುಗುಮುರುಗು ಆಗುತ್ತದೆ.

ಅ-ಹ ಅಂದರೆ ಹೌದು. ಅ-ಅ ಅಂದರೆ ಇಲ್ಲ. ಕೇಳಲು ಎರಡೂ ಹತ್ತಿರ. ಹ ಇದೆಯಾ, ದನಿ ಮೇಲಕ್ಕೆ ಹೋಯಿತಾ, ಹಾಗಾದರೆ ಹೌದು. ಮಧ್ಯೆ ಗಂಟಲು ಕಟ್ಟಿ ದನಿ ಕೆಳಗಿಳಿಯಿತಾ, ಹಾಗಾದರೆ ಇಲ್ಲ. ನಮ್ಮ ಹ್ಞೂಂ ಮತ್ತು ಊಹ್ಞೂಂ ಥರವೇ. ಅನುಮಾನ ಬಂದರೆ ಸುಮ್ನೆ ಊಹಿಸಬೇಡಿ, "ಈಸ್ ದಟ್ ಎ ಯೆಸ್?" ಅಂತ ಕೇಳಿ.

ಹಹ್ ಅಂದರೆ "ಹಾಂ? ಏನಂದ್ರಿ?" ಅಂತ. ಒಂದಕ್ಕೊಂದು ನಂಟಿಲ್ಲದ ಎಷ್ಟೋ ಭಾಷೆಗಳಲ್ಲಿ ಈ ಸದ್ದು ಹೆಚ್ಚುಕಡಿಮೆ ಒಂದೇ ಥರ ಇದೆ ಅಂತ ಮಾರ್ಕ್ ಡಿಂಗೆಮಾನ್ಸೆ ಮತ್ತು ಅವರ ಜೊತೆಗಾರರು 2013ರಲ್ಲಿ ಸಂಶೋಧನೆ ಮಾಡಿ ಬರೆದರು. ನಮ್ಮ ಹಾಂ ಕೇಳಿದರೆ ಆ ಮಾತು ಸರಿ ಅನ್ನಿಸುತ್ತದೆ. ಆದರೆ ಸದ್ದು ಒಂದೇ ಆದರೂ ಮರ್ಯಾದೆ ಒಂದೇ ಅಲ್ಲ. ಮ್ಯಾನೇಜರ್‌ಗೋ ಟೀಚರ್‌ಗೋ ಹಹ್ ಅನ್ನಬೇಡಿ. "ಸಾರಿ?" ಅಥವಾ "ಪಾರ್ಡನ್?" ಅಂತ ಕೊನೆಗೆ ದನಿ ಎತ್ತಿ ಕೇಳಿ. ಹಾಗೆಯೇ ಬರೀ "ವಾಟ್?" ಕೂಡ ಒರಟು.

ಇನ್ನೊಂದು ವಿಷಯ, ಇದನ್ನು ಯಾರೂ ಕಲಿಸುವುದಿಲ್ಲ. ಲೊಚಗುಟ್ಟುವುದು. ಯಾರಿಗಾದರೂ ಕಷ್ಟ ಬಂತು ಅಂದರೆ ನಾವು ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ "ಚ್ ಚ್ ಚ್" ಅನ್ನುತ್ತೇವೆ. ಅದು ನಮ್ಮಲ್ಲಿ ಕನಿಕರ. ಇಂಗ್ಲಿಷ್‌ನಲ್ಲಿ ಇದನ್ನೇ ಟಟ್ ಟಟ್ ಅಥವಾ ಟ್ಸ್ಕ್ ಟ್ಸ್ಕ್ ಅಂತ ಬರೆಯುತ್ತಾರೆ, ಅಲ್ಲಿ ಅದು ಹೆಚ್ಚಾಗಿ "ಇದು ಸರಿಯಲ್ಲ, ಹೀಗೆ ಮಾಡಬಾರದಿತ್ತು" ಅನ್ನುವ ಅಸಮಾಧಾನ. ನಿಮ್ಮ ಅಮೆರಿಕದ ಕ್ಲೈಂಟ್ "ನನ್ನ ಕಾರು ಗುದ್ದಿಸಿಕೊಂಡೆ" ಅಂದಾಗ ನೀವು ಕನಿಕರದಿಂದ ಲೊಚಗುಟ್ಟಿದರೆ, ತಪ್ಪು ನಿನ್ನದೇ ಅಂತ ನೀವು ಹೇಳಿದ ಹಾಗೆ ಅವರಿಗೆ ಕೇಳಿಸಬಹುದು. ಅಭ್ಯಾಸವಾಗಿ ಬಂದುಬಿಡುವ ಸದ್ದು ಇದು, ಅದಕ್ಕೇ ಗಮನ ಇಟ್ಟು ಬಿಡಬೇಕು. ಆ ಜಾಗದಲ್ಲಿ "ಓ ನೋ, ಆರ್ ಯು ಓಕೆ?" ಅನ್ನಿ.

ಯಾರಾದರೂ ಸೀನಿದರೆ "ಬ್ಲೆಸ್ ಯು". ಮಕ್ಕಳು ಸೀನಿದಾಗ ನಮ್ಮ ಹಿರಿಯರು ಚಿರಂಜೀವಿ ಅನ್ನುವ ಹಾಗೆ. ನಿಮಗೆ ಯಾರಾದರೂ ಅಂದರೆ "ಥ್ಯಾಂಕ್ ಯು" ಅನ್ನಿ, ಸುಮ್ಮನಿರಬೇಡಿ.

5. ವಾಟ್ ಮತ್ತು ಹೌ ವಾಕ್ಯ ಕಟ್ಟುವುದು

ಕ್ರಿಕೆಟ್ ಕಾಮೆಂಟರಿ ಕೇಳುವವರಿಗೆ ಇದು ಆಗಲೇ ಅರ್ಧ ಗೊತ್ತು. "ವಾಟ್ ಎ ಶಾಟ್!" "ವಾಟ್ ಎ ಕ್ಯಾಚ್!" ಇದೇ ಮೊದಲ ಅಚ್ಚು. ವಾಟ್, ಆಮೇಲೆ ಎ ಅಥವಾ ಆ್ಯನ್, ಆಮೇಲೆ ಗುಣ ಹೇಳುವ ಪದ, ಆಮೇಲೆ ವಸ್ತುವಿನ ಹೆಸರು. "ವಾಟ್ ಎ ಬ್ಯೂಟಿಫುಲ್ ಹೌಸ್!" "ವಾಟ್ ಆ್ಯನ್ ಐಡಿಯಾ!"

ಎರಡನೇ ಅಚ್ಚು: ಹೌ, ಆಮೇಲೆ ನೇರವಾಗಿ ಗುಣ ಹೇಳುವ ಪದ. "ಹೌ ಬ್ಯೂಟಿಫುಲ್!" "ಹೌ ಕೈಂಡ್ ಆಫ್ ಯು!" ಕೊನೆಯದು ಯಾರಾದರೂ ಉಪಕಾರ ಮಾಡಿದಾಗ ಹೇಳಲು ತುಂಬಾ ಚೆನ್ನಾದ ಮಾತು.

ಇಲ್ಲಿ ಮೂರು ಕಡೆ ಕಾಲು ಜಾರುತ್ತದೆ.

ಮೊದಲನೆಯದು "ಎ" ಬೇಕೋ ಬೇಡವೋ ಅನ್ನುವುದು. ಎಣಿಸಬಹುದಾದ ಒಂದೇ ವಸ್ತುವಿಗೆ "ಎ" ಬೇಕೇ ಬೇಕು. "ವಾಟ್ ಬ್ಯೂಟಿಫುಲ್ ಹೌಸ್" ತಪ್ಪು. ಎಣಿಸಲಾಗದ್ದಕ್ಕೆ "ಎ" ಬರಬಾರದು. ವೆದರ್, ನ್ಯೂಸ್, ಮ್ಯೂಸಿಕ್, ಅಡ್ವೈಸ್, ಫರ್ನಿಚರ್ ಇವೆಲ್ಲ ಇಂಗ್ಲಿಷ್‌ನಲ್ಲಿ ಎಣಿಸಲಾಗದ ಪದಗಳು. ಆದ್ದರಿಂದ "ವಾಟ್ ಎ ಲವ್ಲಿ ವೆದರ್" ತಪ್ಪು, "ವಾಟ್ ಲವ್ಲಿ ವೆದರ್!" ಸರಿ. ಬಹುವಚನಕ್ಕೂ "ಎ" ಬೇಡ: "ವಾಟ್ ಲವ್ಲಿ ಫ್ಲವರ್ಸ್!" ಆದರೆ "ವಾಟ್ ಎ ಪಿಟಿ", "ವಾಟ್ ಎ ಶೇಮ್", "ವಾಟ್ ಎ ರಿಲೀಫ್" ಇವುಗಳಲ್ಲಿ "ಎ" ಅಂಟಿಕೊಂಡೇ ಇರುತ್ತದೆ. ಅವನ್ನು ಹಾಗೇ ಬಾಯಿಪಾಠ ಮಾಡಿ.

ಎರಡನೆಯದು ಪದಗಳ ಸಾಲು. ಇದು ಪ್ರಶ್ನೆ ಅಲ್ಲ, ಅದಕ್ಕೇ ಕ್ರಿಯಾಪದ ಹಿಂದೆ ಮುಂದೆ ಆಗುವುದಿಲ್ಲ. "ಹೌ ಟಾಲ್ ಈಸ್ ಹಿ?" ಅಂದರೆ ಅವನ ಎತ್ತರ ಎಷ್ಟು ಎಂಬ ಪ್ರಶ್ನೆ. "ಹೌ ಟಾಲ್ ಹಿ ಈಸ್!" ಅಂದರೆ ಅಬ್ಬಾ, ಎಷ್ಟು ಎತ್ತರ ಇದ್ದಾನೆ ಅಂತ. ಎರಡು ಪದ ಜಾಗ ಬದಲಿಸಿದ್ದಕ್ಕೆ ಅರ್ಥವೇ ಬೇರೆ. ಪರೀಕ್ಷೆಯಲ್ಲಿ ಸುಮ್ಮಸುಮ್ಮನೆ ಅಂಕ ಹೋಗುವ ಜಾಗ ಇದು.

ಮೂರನೆಯದು ಹೌ ಮತ್ತು ವಾಟ್ ಬೆರೆಸುವುದು. "ಹೌ ಎ ನೈಸ್ ಡೇ" ಅನ್ನುವ ಮಾತೇ ಇಲ್ಲ. ಹೆಸರಿನ ಪದ ಕೊನೆಗೆ ಬಂದರೆ ವಾಟ್, ಬರೀ ಗುಣ ಹೇಳಿ ಬಿಟ್ಟರೆ ಹೌ.

ಇಂಗ್ಲೆಂಡಿನ ಶಾಲೆಗಳಲ್ಲೂ ಇದೇನು ಸಲೀಸಾಗಿಲ್ಲ. 2016ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಏಳು ವರ್ಷದ ಮಕ್ಕಳ ಪರೀಕ್ಷೆಗೆ ಒಂದು ನಿಯಮ ಹೇಳಿತು. ವಾಟ್ ಅಥವಾ ಹೌ ಇಂದ ಶುರುವಾದ ಪೂರ್ತಿ ವಾಕ್ಯವಾದರೆ ಮಾತ್ರ ಉದ್ಗಾರ ವಾಕ್ಯ ಅಂತ ಅಂಕ ಕೊಡಬೇಕು ಅಂತ. ಶಿಕ್ಷಕರಿಂದ ಅದಕ್ಕೆ ಜೋರು ವಿರೋಧ ಬಂತು. ನನಗೂ ಅದು ಸರಿ ಕಾಣುವುದಿಲ್ಲ, ಯಾಕೆಂದರೆ ದಿನನಿತ್ಯದ ಮಾತಿನಲ್ಲಿ ಪೂರ್ತಿ ಹೌ ವಾಕ್ಯ ಕಡಿಮೆಯೇ. ಸೆಕೆ ಜಾಸ್ತಿ ಇದ್ದರೆ "ಹೌ ಹಾಟ್ ಇಟ್ ಈಸ್" ಅನ್ನುವವರು ಅಪರೂಪ. "ಇಟ್ಸ್ ಸೋ ಹಾಟ್!" ಅನ್ನುತ್ತಾರೆ. "ಹೌ ಗುಡ್ ಎ ಸಿಂಗರ್ ಶಿ ಈಸ್" ಅನ್ನುವ ಬದಲು "ಶಿ ಈಸ್ ಸಚ್ ಎ ಗುಡ್ ಸಿಂಗರ್!" ಅನ್ನುತ್ತಾರೆ. ಪರೀಕ್ಷೆಗೆ ಹೌ ಮತ್ತು ವಾಟ್ ಕಲಿಯಿರಿ, ಮಾತಿಗೆ ಸೋ ಮತ್ತು ಸಚ್ ಕಲಿಯಿರಿ.

ಇನ್ನೊಂದು ಬಗೆ ಇದೆ, ಕೇಳಿದರೆ ಪ್ರಶ್ನೆ, ನಿಜದಲ್ಲಿ ಉದ್ಗಾರ. "ಇಸಂಟ್ ಇಟ್ ಹಾಟ್!" ಅಂದರೆ "ಏನು ಸೆಕೆ ಅಲ್ವಾ!" ಅಂತ. ಇದಕ್ಕೆ "ನೋ, ಇಟ್ ಈಸ್ ಹಾಟ್" ಅಂತ ಉತ್ತರ ಕೊಡುವವರಿದ್ದಾರೆ. "ಯೆಸ್, ಇಟ್ ಈಸ್!" ಅಂತ ದನಿಗೂಡಿಸಿದರೆ ಸಾಕು. ಕ್ರಿಕೆಟ್ಟಿನ "ಹೌಝಾಟ್" ಕೂಡ ಇದೇ ಜಾತಿ. "ಹೌಸ್ ದಟ್" ಎಂಬ ಪ್ರಶ್ನೆಯೇ ಕೂಗಾಗಿದೆ, ಆದರೂ ಅದರೊಳಗೆ ಪ್ರಶ್ನೆ ಇನ್ನೂ ಜೀವಂತವಾಗಿದೆ. ಕ್ರಿಕೆಟ್ ನಿಯಮದ ಪ್ರಕಾರ ಯಾರೂ ಅಪೀಲ್ ಮಾಡದಿದ್ದರೆ ಅಂಪೈರ್ ಔಟ್ ಕೊಡುವಂತಿಲ್ಲ, ಆ ಒಂದು ಕೂಗು ಎಲ್ಲಾ ಬಗೆಯ ಔಟ್‌ಗೂ ಸಲ್ಲುತ್ತದೆ.

ಪರೀಕ್ಷೆ ಬರೆಯುವವರಿಗೆ ಒಂದು ಮಾತು. ಇನ್ನೊಬ್ಬರ ಉದ್ಗಾರವನ್ನು ವರದಿ ಮಾಡಿ ಬರೆಯುವಾಗ, ಅಂದರೆ ರಿಪೋರ್ಟೆಡ್ ಸ್ಪೀಚ್‌ನಲ್ಲಿ, ಉದ್ಗಾರದ ಪದವನ್ನೂ ಚಿಹ್ನೆಯನ್ನೂ ಬಿಟ್ಟುಬಿಡಬೇಕು, ಭಾವನೆಯನ್ನು ಪದದಲ್ಲಿ ಹೇಳಬೇಕು. "ಹುರ್ರಾ! ಅವರ್ ಟೀಮ್ ಹ್ಯಾಸ್ ವನ್!" ಅನ್ನುವುದು "ದೆ ಎಕ್ಸ್‌ಕ್ಲೇಮ್ಡ್ ವಿತ್ ಜಾಯ್ ದಟ್ ದೇರ್ ಟೀಮ್ ಹ್ಯಾಡ್ ವನ್" ಆಗುತ್ತದೆ. ದುಃಖವಾದರೆ "ವಿತ್ ಸಾರೋ". ವಾಟ್ ಎ ಇದ್ದ ಕಡೆ ವೆರಿ ಬರುತ್ತದೆ: "ಹಿ ಎಕ್ಸ್‌ಕ್ಲೇಮ್ಡ್ ದಟ್ ಇಟ್ ವಾಸ್ ಎ ವೆರಿ ಬ್ಯೂಟಿಫುಲ್ ಹೌಸ್". ಉದ್ಗಾರ ಚಿಹ್ನೆಯನ್ನು ಹಾಗೇ ಉಳಿಸಿಬಿಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು.

6. ದೇವರ ಹೆಸರು, ಬೈಗುಳ

ಓ ಮೈ ಗಾಡ್ ಇವತ್ತು ಎಲ್ಲರ ಬಾಯಲ್ಲೂ ಇದೆ. ಅದರ ಮೊದಲಕ್ಷರಗಳ ಓ.ಎಂ.ಜಿ. ಮೊಬೈಲ್ ಕಾಲದ್ದು ಅಂದುಕೊಂಡಿದ್ದರೆ, ಅಲ್ಲ. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಜಾನ್ ಫಿಶರ್ 1917ರಲ್ಲಿ ವಿನ್‌ಸ್ಟನ್ ಚರ್ಚಿಲ್‌ಗೆ ಬರೆದ ಪತ್ರದಲ್ಲೇ ಅದಿದೆ.

ಆದರೂ ಇದರ ತೂಕ ಕೇಳುವವರ ಮೇಲೆ ನಿಂತಿದೆ. ದೇವರ ಹೆಸರನ್ನು ಸುಮ್ಮನೆ ಎಳೆಯಬಾರದು ಅನ್ನುವುದು ಕ್ರೈಸ್ತರಿಗೂ ಯಹೂದಿಗಳಿಗೂ ಧರ್ಮದ ಆಜ್ಞೆ. ಆಸ್ತಿಕರ ಮನೆಯಲ್ಲಿ, ಚರ್ಚಿನಲ್ಲಿ, ಕಾನ್ವೆಂಟ್ ಶಾಲೆಯಲ್ಲಿ ಮಾತುಮಾತಿಗೆ ಓ ಮೈ ಗಾಡ್ ಅಂದರೆ ನೋವಾಗಬಹುದು. "ಜೀಸಸ್!" ಅಂತ ಉದ್ಗರಿಸುವುದು ಅದಕ್ಕಿಂತ ಬಿರುಸು. ಸಿನಿಮಾ ನೋಡಿ ಅದನ್ನು ಕಲಿಯಬೇಡಿ. ಇಂಗ್ಲಿಷ್‌ನವರೇ ಇದಕ್ಕೆ ಮೆತ್ತಗಿನ ದಾರಿ ಮಾಡಿಕೊಂಡಿದ್ದಾರೆ. ಗಾಡ್ ಬದಲು ಗಾಶ್ ಅಥವಾ ಗುಡ್‌ನೆಸ್, ಹೆಲ್ ಬದಲು ಹೆಕ್, ಡ್ಯಾಮ್ ಬದಲು ಡಾರ್ನ್. "ಓ ಮೈ ಗುಡ್‌ನೆಸ್" ಎಲ್ಲಿ ಬೇಕಾದರೂ ನಡೆಯುತ್ತದೆ, ಅಜ್ಜಿಯ ಮುಂದೆಯೂ ಹೆಡ್‌ಮಾಸ್ಟರ್ ಮುಂದೆಯೂ. ಒಂದೇ ಕಲಿಯುವುದಾದರೆ ಇದನ್ನು ಕಲಿಯಿರಿ.

ಎಫ್ ಅಕ್ಷರದ ಬೈಗುಳ ಇದೆಯಲ್ಲ, ಅದನ್ನು ಹುಡುಗರು ಮಾತಿನ ಮಧ್ಯೆ ಉದ್ಗಾರದಂತೆ ತೇಲಿಸುವುದನ್ನು ಬೆಂಗಳೂರಿನ ಯಾವ ಕಾಫಿ ಅಂಗಡಿಯಲ್ಲಿ ಕೂತರೂ ಕೇಳಬಹುದು. ಪರಭಾಷೆಯ ಬೈಗುಳ ಆಡುವವರ ಕಿವಿಗೆ ಚುಚ್ಚುವುದಿಲ್ಲ, ಅದೇ ತೊಂದರೆ. ಅದೇ ಅರ್ಥದ ಕನ್ನಡ ಬೈಗುಳವನ್ನು ಅದೇ ಜನರ ಮುಂದೆ ಜೋರಾಗಿ ಹೇಳಬಲ್ಲಿರಾ ಅಂತ ಕೇಳಿಕೊಳ್ಳಿ. ಆಗಲ್ಲ ಅಂದರೆ ಇದೂ ಬೇಡ.

7. ಎಚ್ಚರಿಕೆಯ ಕೂಗು

ಇದು ಚಿಕ್ಕದು, ಆದರೆ ಜೀವಕ್ಕೆ ಸಂಬಂಧಿಸಿದ್ದು. "ಲುಕ್ ಔಟ್!" ಅಂದರೆ ಹೊರಗೆ ನೋಡು ಅಂತ ಅಲ್ಲ, "ಹುಷಾರ್!" ಅಂತ. "ವಾಚ್ ಔಟ್!" ಕೂಡ ಅದೇ. ಯಾರಾದರೂ ಹಾಗೆ ಕೂಗಿದರೆ ಇದ್ದಲ್ಲೇ ನಿಂತು ಸುತ್ತ ನೋಡಿ, ಕಿಟಕಿಯಾಚೆ ಬಗ್ಗಬೇಡಿ. "ಹೆಡ್ಸ್ ಅಪ್!" ಎಂದು ಮೈದಾನದಲ್ಲಿ ಕೂಗಿದರೆ ಏನೋ ನಿಮ್ಮತ್ತ ಹಾರಿ ಬರುತ್ತಿದೆ ಅಂತ, ತಲೆ ಕಾಪಾಡಿಕೊಳ್ಳಿ. ಆಫೀಸಿನ ಮೇಲ್‌ನಲ್ಲಿ ಅದೇ ಪದ ಬಂದರೆ "ಮುಂಚೆಯೇ ತಿಳಿಸುತ್ತಿದ್ದೇನೆ" ಅಂತ ಅಷ್ಟೇ. ನೀವು ಕೂಗಬೇಕಾಗಿ ಬಂದರೆ ಪೂರ್ತಿ ವಾಕ್ಯ ಕಟ್ಟಲು ಹೋಗಬೇಡಿ. "ಫೈರ್!" "ಹೆಲ್ಪ್!" "ಸ್ಟಾಪ್!" ಒಂದೇ ಪದ ಸಾಕು.

8. ಚಿಹ್ನೆ ಹಾಕುವುದು

ಉದ್ಗಾರ ಚಿಹ್ನೆ ಒಂದೇ ಹಾಕಿ. ಮೂರು ಹಾಕಿದರೆ ಭಾವನೆ ಮೂರು ಪಟ್ಟು ಆಗುವುದಿಲ್ಲ, ಕಿರುಚಿದಂತೆ ಕಾಣುತ್ತದೆ. ಹಳೆಯ ಎಷ್ಟೋ ಟೈಪ್‌ರೈಟರ್‌ಗಳಲ್ಲಿ ಇದಕ್ಕೆ ಬೇರೆ ಕೀಲಿಯೇ ಇರಲಿಲ್ಲ. ಮೇಲಿನ ಅಲ್ಪವಿರಾಮ ಹೊಡೆದು, ಒಂದು ಹೆಜ್ಜೆ ಹಿಂದೆ ಬಂದು, ಅದರ ಕೆಳಗೆ ಚುಕ್ಕಿ ಹೊಡೆಯಬೇಕಿತ್ತು. ಅಷ್ಟು ಕಷ್ಟಪಟ್ಟು ಹಾಕುವವರು ಬೇಕಾದ ಕಡೆ ಮಾತ್ರ ಹಾಕುತ್ತಿದ್ದರು.

ಚಿಹ್ನೆಗೂ ಅದರ ಹಿಂದಿನ ಪದಕ್ಕೂ ನಡುವೆ ಜಾಗ ಬಿಡಬೇಡಿ. ಚಿಹ್ನೆ ಹಾಕಿದ ಮೇಲೆ ಮತ್ತೆ ಪೂರ್ಣವಿರಾಮ ಬೇಡ. ಉದ್ಗಾರ ಜೋರಾಗಿದ್ದರೆ ಅದರ ಪಕ್ಕದಲ್ಲೇ ಚಿಹ್ನೆ ಹಾಕಿ, ಮುಂದಿನ ಪದವನ್ನು ದೊಡ್ಡ ಅಕ್ಷರದಿಂದ ಶುರು ಮಾಡಿ. ಮೆತ್ತಗಿದ್ದರೆ ಅಲ್ಪವಿರಾಮ ಸಾಕು. "ಓ, ಐ ಸೀ." ಅನ್ನುವಲ್ಲಿ ಉದ್ಗಾರ ಚಿಹ್ನೆ ಬೇಡವೇ ಬೇಡ.

ಎಲ್ಲಿ ಹಾಕಬಾರದು? ರಜೆ ಅರ್ಜಿ, ಬ್ಯಾಂಕಿಗೆ ಪತ್ರ, ಕೆಲಸದ ಅರ್ಜಿ, ದೂರು, ಸಂತಾಪ ಸಂದೇಶ, ಇವುಗಳಲ್ಲಿ ಒಂದೂ ಬೇಡ. ಮೇಲ್‌ನ ವಿಷಯದ ಸಾಲಿನಲ್ಲಿ ಅರ್ಜೆಂಟ್ ಅಂತ ಬರೆದು ಸಾಲಾಗಿ ಚಿಹ್ನೆ ಸುರಿದರೆ ಜಾಹೀರಾತಿನ ಮೇಲ್ ಅಂತ ಓದದೇ ಬಿಡುತ್ತಾರೆ. ಯಾವತ್ತಿನೊಳಗೆ ಬೇಕು ಅಂತ ಬರೆಯಿರಿ, ಅದೇ ಕೆಲಸ ಮಾಡುತ್ತದೆ. ಲೆಕ್ಕದ ಉತ್ತರದಲ್ಲಂತೂ ಹಾಕಲೇಬೇಡಿ. ಗಣಿತದಲ್ಲಿ 5 ಬರೆದು ಪಕ್ಕದಲ್ಲಿ ಈ ಚಿಹ್ನೆ ಹಾಕಿದರೆ 5×4×3×2×1 ಅಂತ ಅರ್ಥ, ಅದು 120 ಆಗುತ್ತದೆ.

ಎಲ್ಲಿ ಹಾಕಲೇಬೇಕು? ಚಾಟ್ ಮತ್ತು ಹತ್ತಿರದವರ ಮೇಲ್‌ಗಳಲ್ಲಿ. ಅಲ್ಲಿ "ಥ್ಯಾಂಕ್ಸ್." ಅಂತ ಚುಕ್ಕಿ ಇಟ್ಟರೆ ಸಿಟ್ಟಾಗಿದ್ದಾರೇನೋ ಅನ್ನಿಸುವ ಕಾಲ ಬಂದಿದೆ. "ಥ್ಯಾಂಕ್ಸ್!" ಅಂದರೆ ನಗು ಮುಖ ಕಂಡಂತೆ. "ಕಂಗ್ರಾಜುಲೇಷನ್ಸ್!" ಅನ್ನುವುದಕ್ಕೆ ಚಿಹ್ನೆ ಇಲ್ಲದಿದ್ದರೆ ಮನಸ್ಸಿಲ್ಲದೆ ಹೇಳಿದ ಹಾಗೆ. ಎದುರಿನವರು ನಿಮಗೆ ಹೇಗೆ ಬರೆಯುತ್ತಾರೆ ನೋಡಿಕೊಂಡು ಅಷ್ಟೇ ಹಾಕಿ.

9. ದನಿಯ ಅಭ್ಯಾಸ

ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ. ವಾವ್ ಅನ್ನುವುದನ್ನು ಮೊದಲು ಎತ್ತಿ ಇಳಿಸಿ ಹೇಳಿ, ಆಮೇಲೆ ಚಪ್ಪಟೆಯಾಗಿ ಹೇಳಿ. ಕೇಳಿ ನೋಡಿ. ಮೊದಲನೆಯದು ಬೆರಗು, ಎರಡನೆಯದು "ಏನೋ ದೊಡ್ಡದು ಮಾಡಿಬಿಟ್ಟೆ" ಎಂಬ ಕೊಂಕು. ಗ್ರೇಟ್, ವಂಡರ್‌ಫುಲ್, ವೆಲ್ ಡನ್ ಎಲ್ಲಕ್ಕೂ ಇದೇ ಅಪಾಯ. ಕನ್ನಡದಲ್ಲಿ "ಭಾರಿ ಆಯ್ತು ಬಿಡಿ" ಅನ್ನುವುದು ದನಿಯ ಮೇಲೆ ಹೊಗಳಿಕೆಯೂ ಆಗುತ್ತದೆ, ಬೈಗುಳವೂ ಆಗುತ್ತದೆ ಅಲ್ವಾ, ಹಾಗೆ. ನಾಚಿಕೆಯಿಂದಲೋ ಉಚ್ಚಾರ ತಪ್ಪೀತು ಎಂಬ ಭಯದಿಂದಲೋ ನಾವು ಇಂಗ್ಲಿಷ್ ಉದ್ಗಾರವನ್ನು ಚಪ್ಪಟೆಯಾಗಿ ಹೇಳುತ್ತೇವೆ. ಮನಸ್ಸಿನಲ್ಲಿ ನಿಜವಾದ ಮೆಚ್ಚುಗೆ ಇರುತ್ತದೆ, ಕೇಳಿದವರಿಗೆ ಮಾತ್ರ ಕೊಂಕು ತಲುಪುತ್ತದೆ.

ದಿನಕ್ಕೆ ಎರಡೇ ಉದ್ಗಾರ ಆರಿಸಿಕೊಳ್ಳಿ, ಅವತ್ತು ಅವೆರಡನ್ನೇ ಬಳಸಿ. ಉದ್ಗಾರದ ಹಿಂದೆಯೇ ಒಂದು ಚಿಕ್ಕ ವಾಕ್ಯ ಸೇರಿಸುವ ಅಭ್ಯಾಸ ಮಾಡಿ: "ಫ್ಯೂ, ದಟ್ ವಾಸ್ ಕ್ಲೋಸ್." "ವಾವ್, ಯು ಡಿಡ್ ದಿಸ್ ಯುವರ್‌ಸೆಲ್ಫ್?" ಹೀಗೆ ಸೇರಿಸಿದರೆ ದನಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಿಮ್ಮ ಮನಸ್ಸಿನಲ್ಲಿ ಇರುವುದು ಅವರಿಗೆ ಸರಿಯಾಗಿ ಮುಟ್ಟುತ್ತದೆ. ಬೇರೆಯವರ ಜೊತೆ ಶುರು ಮಾಡಲು ಸಂಕೋಚವಾದರೆ ಮೊದಲು ಫ್ಯೂ ಮತ್ತು ಊಪ್ಸ್ ತೆಗೆದುಕೊಳ್ಳಿ. ಅವೆರಡನ್ನೂ ನಿಮ್ಮ ಪಾಡಿಗೆ ನೀವೇ ಹೇಳಿಕೊಳ್ಳಬಹುದು, ಉತ್ತರ ಕೊಡಲು ಎದುರಿಗೆ ಯಾರೂ ಇರಬೇಕಾಗಿಲ್ಲ.